ಮೊದಲ ಸಾಲು

ಶ್ರೀ

ಆಲ್ಕೊಳ, ಶಿವಮೊಗ್ಗ
೧೨-೮-೨೦೦೮

ಭದ್ರಾವತಿ ಶಾಖೆಯ ಹಾಲಸ್ವಾಮಿಯವರಿಗೆ ನಮಸ್ಕಾರ.

ಪೋಲಿಯೋ ಆದವರಿಗೆ ನಾವು ಹೊಲಿದುಕೊಡುವ ಬೂಟಿನ ಅಳತೆಗಳನ್ನು ನೀವು ಕಳಿಸಲೇ ಇಲ್ಲವೆಂದು ಮಾಲೀಕರು ನೋಟಿಸ್ ಕೊಟ್ಟಿದ್ದಾರೆ. ನೀವು ಕಳಿಸಿದ್ದೀರಿ. ತಪ್ಪು ನನ್ನದು. ಮೂರು ದಿನ ಹುಡುಕಿದ ಮೇಲೆ ಸಿಕ್ಕಿತು.

ನೀವು ಟೈಪ್ ಮಾಡಿದ್ದು ಜೇಸನ್ ಎಂಬ ಕಂಪ್ಯೂಟರ್ ಬರಹದ ರೂಪದಲ್ಲಿ ಇಲ್ಲಿನ ಜಾವಾ ಪ್ರೋಗ್ರಾಮಿಗೆ ಬರುತ್ತದೆ. ಅದು ಮೊದಲ ಸಾಲನ್ನಷ್ಟೇ ಓದುವಂತೆ ನಾನು ಬರೆದುಬಿಟ್ಟಿದ್ದೆ. ನೀವೋ ಮೇಲೆ ಶ್ರೀ ಎಂದು ಬರೆದು, ಕೆಳಗಿನ ಸಾಲಿನಲ್ಲಿ ಅಳತೆ ಹಾಕುವವರು. ಅರ್ಧಕ್ಕೇ ನಿಂತರೂ ಅದು ನಿಮಗೆ ‘ತಲುಪಿದೆ’ ಎಂದೇ ಉತ್ತರ ಕೊಡುತ್ತಿತ್ತು. “ಎರರ್ ಗಿರರ್ ಏನೂ ಕಾಣಿಸ್ಬಾರ್ದು ಮಾರಾಯ್ತಿ” ಎಂದಿದ್ದರು ಮಾಲೀಕರು. ನಾನೂ ಹೂಂ ಅಂದಿದ್ದೆ.

ಈಗ ಎಲ್ಲ ಸಾಲುಗಳನ್ನೂ ಓದುತ್ತದೆ. ಹಳೆಯ ಅಳತೆಗಳು ಇಲ್ಲಿ ಉಳಿದಿಲ್ಲ; ನಿಮ್ಮ ಅಳತೆ ಪುಸ್ತಕವನ್ನು ಬಸ್ಸಿನಲ್ಲಿ ಕಳಿಸಿಕೊಡಿ, ನಾನೇ ಕೂತು ಟೈಪ್ ಮಾಡುತ್ತೇನೆ. ನಿಮ್ಮಲ್ಲಿ ಅಳತೆ ಕೊಟ್ಟ ಸುವರ್ಣಮ್ಮನವರು ಎರಡು ತಿಂಗಳಿಂದ ಹರಿದ ಬೂಟಿನಲ್ಲೇ ಓಡಾಡುತ್ತಿದ್ದಾರಂತೆ, ಅವರದು ಮೊದಲು. ನೋಟಿಸಿನ ಉತ್ತರಕ್ಕೆ ಈ ಪತ್ರವನ್ನೇ ಲಗತ್ತಿಸಿ.

ನಿನ್ನೆ ಫೋನಿನಲ್ಲಿ, “ನಾನ್ ಬರ್ದಿದ್ದು ಒಂದಾದ್ರೂ ತಲುಪ್ತಾ ತಾಯಿ?” ಎಂದು ಕೇಳಿದಿರಿ. ಫೋನ್ ಇಟ್ಟ ಮೇಲೆ, ನೀವು ಕಳಿಸಿದ್ದನ್ನೆಲ್ಲ ತೆಗೆದು ಎಣಿಸಿದೆ.

ನಲವತ್ತೊಂದು ಸಲವೂ ಶ್ರೀ ತಲುಪಿದೆ.

ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ,
ಶಾಂಭವಿ