ಬಸ್ ನಿಲ್ದಾಣದ ಎದುರಿನ ಆ ಫ್ಲೆಕ್ಸ್ ಇಳಿಸಿ

ಮಾನ್ಯ ಅಧಿಕಾರಿಗಳೇ,

ಬಸ್ ನಿಲ್ದಾಣದ ಎದುರು ನಿಮ್ಮ ನಗುಮುಖದ ಫ್ಲೆಕ್ಸ್ ಇನ್ನೂ ನಿಂತಿದೆ. ಅದರಲ್ಲಿ ನಿಮ್ಮ ಪಕ್ಕ ಶಾಲು ಹೊದ್ದು, ತಲೆ ತಗ್ಗಿಸಿ ಒಬ್ಬ ಅಜ್ಜ ಕೂತಿದ್ದಾರೆ. ಅವರು ಕೂತಿರುವುದು ಸನ್ಮಾನದ ಕುರ್ಚಿಯ ಮೇಲಲ್ಲ. ಎದ್ದು ಓಡಾಡಲಾಗದವರು ಮಂಚದ ಪಕ್ಕ ಇಟ್ಟುಕೊಂಡು ಶೌಚಕ್ಕೆ ಬಳಸುವ ಕುರ್ಚಿಯ ಮೇಲೆ. ಆ ಫ್ಲೆಕ್ಸ್ ಇಳಿಸಿ ಎಂದು ಕೇಳಲು ಕಚೇರಿಗೆ ಬಂದಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಅದಕ್ಕೇ ಈಗ ಎಲ್ಲರ ಎದುರು ಕೇಳುತ್ತಿದ್ದೇನೆ. ಅಜ್ಜನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾರೆ. ಹೆಸರು ಸಾರುವ ಕೆಲಸವನ್ನು ನಿಮ್ಮ ಫ್ಲೆಕ್ಸ್ ಈಗಾಗಲೇ ದೊಡ್ಡ ಅಕ್ಷರದಲ್ಲಿ ಮಾಡಿದೆ.

ನಮ್ಮದು ದೊಡ್ಡ ಸಂಸ್ಥೆಯಲ್ಲ. ಬೀರೂರಿನ ಒಂದು ಹಳೇ ಗೋಡೌನು, ಸಂಬಳವಿಲ್ಲದ ಏಳೆಂಟು ಜನ. ಊರವರು ಕೊಟ್ಟದ್ದರಲ್ಲಿ ವಾಕರ್, ವಾಟರ್ ಬೆಡ್, ಇಂಥ ಕುರ್ಚಿ ತಂದಿಟ್ಟು ಬೇಕಾದವರಿಗೆ ಕೊಡುತ್ತೇವೆ. ಇದನ್ನು ಶುರು ಮಾಡಿದ ಅಬ್ದುಲ್ ಮಜೀದ್ ಸಾಹೇಬರದು ಒಂದೇ ಕಟ್ಟಳೆ: ಸಾಮಾನಿಗೆ ಜಮಖಾನ ಸುತ್ತಿ, ದೀಪ ಹಚ್ಚುವ ಹೊತ್ತಿಗೆ ಒಯ್ಯಬೇಕು. ಏನು ಬಂತು ಎಂದು ಪಕ್ಕದ ಮನೆಗೂ ತಿಳಿಯಬಾರದು. ಸಖರಾಯಪಟ್ಟಣದಿಂದ ಅಜ್ಜಂಪುರದವರೆಗೆ ನನ್ನ ಲಗೇಜ್ ಆಟೋ ಹಾಗೆಯೇ ಓಡಿದೆ.

ನಾನೇ ಬಂದು ವಿತರಿಸುತ್ತೇನೆ ಎಂದು ನೀವು ಅಂದಾಗ ನಮಗೂ ಆಸೆ ಹುಟ್ಟಿತು. ಫೋಟೋ ಬಂದರೆ ಕೊಡುವವರು ಹೆಚ್ಚುತ್ತಾರಲ್ಲ? ಮಜೀದ್ ಸಾಹೇಬರು ಬೇಡ ಅಂದರು. ಕಾಲ ಬದಲಾಗಿದೆ ಎಂದು ಅವರ ಬಾಯಿ ಮುಚ್ಚಿಸಿದವರಲ್ಲಿ ನಾನೂ ಒಬ್ಬ. ಸೊಂಟ ಮುರಿದಿದ್ದ ಅಜ್ಜನನ್ನು ನಾವೇ ಎತ್ತಿಕೊಂಡು ಸಭೆಗೆ ತಂದೆವು. ನೀವು ಆ ಕುರ್ಚಿಯ ಚಕ್ರ ನೋಡಿ ಗಾಲಿಕುರ್ಚಿ ಎಂದೇ ತಿಳಿದಿರಿ, ಕೆಳಗಿನ ಬಕೆಟ್ ನೋಡಲಿಲ್ಲ. ಅವರನ್ನು ಅದರಲ್ಲಿ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, ಇನ್ನು ಇವರು ಎಲ್ಲಿಗೆ ಬೇಕಾದರೂ ಹಾಯಾಗಿ ಹೋಗಿಬರಬಹುದು ಎಂದು ಮೈಕಿನಲ್ಲಿ ಹೇಳಿದಿರಿ. ಹಿಂದಿನ ಸಾಲಿನವರು ನಕ್ಕರು. ನಿಮ್ಮ ಮಾತಿಗೆ ಮೆಚ್ಚಿ ನಕ್ಕರು ಅಂದುಕೊಂಡಿರಿ. ಗೊತ್ತಿದ್ದ ನಾವು ಯಾಕೆ ಬಾಯಿ ಬಿಡಲಿಲ್ಲ? ನಿಮಗೆ ಮುಜುಗರವಾದೀತು ಎಂದು. ಅಜ್ಜನ ಮುಜುಗರದ ಲೆಕ್ಕ ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ.

ಮರುದಿನವೇ ಅವರು ಕುರ್ಚಿ ವಾಪಸ್ ಕಳಿಸಿದರು. ಊರ ಜಗಳಗಳಿಗೆ ನ್ಯಾಯ ಹೇಳುತ್ತಿದ್ದವರು. ಈಗ ಊರಿನ ಹುಡುಗರು ಅವರ ಮನೆ ಮುಂದೆ ಹಾಯುವಾಗ ಬೇಕೆಂದೇ ಹಾಯಾಗಿದ್ದೀರಾ ಎಂದು ಕೂಗುತ್ತಾರಂತೆ. ಹೆಂಡತಿ, ಸೊಸೆ ಇಬ್ಬರೂ ಹೆಗಲು ಕೊಟ್ಟು ಹಿತ್ತಿಲಿಗೆ ಕರೆದೊಯ್ಯುತ್ತಾರೆ. ಮೊನ್ನೆ ಅಲ್ಲೇ ಜಾರಿ ಮತ್ತೆ ಬಿದ್ದರು. ಇನ್ನೊಂದು ಸಲ ಬಿದ್ದರೆ ಏಳಲಾರರು ಎಂದು ಡಾಕ್ಟರು ಹೇಳಿದ್ದಾರೆ. ಕುರ್ಚಿ ಇಟ್ಟುಕೊಳ್ಳಿ ಎಂದು ಬೇಡಿಕೊಳ್ಳಲು ಹೋದೆ. ಅಜ್ಜ ಗೋಡೆ ಕಡೆ ತಿರುಗಿಕೊಂಡೇ ಕೇಳಿದರು:

"ಲೇ, ಅವತ್ತು ನೀವು ಕೊಡಾಕೆ ಬಂದಿದ್ರೋ, ತೋರ್ಸಾಕೆ ಬಂದಿದ್ರೋ?"

ಈಗಲೇ ಹೋಗಿ ಫ್ಲೆಕ್ಸ್ ಹರಿದುಹಾಕುತ್ತೇನೆ, ಬ್ಲೇಡು ಜೇಬಿನಲ್ಲೇ ಇದೆ ಅಂದೆ.

"ನೀನು ಹರಿದ್ರೆ ಗಾಳಿಗೆ ಹರೀತು ಅಂತಾರೆ ಕಣೋ. ಕಟ್ಸಿದೋರೇ ಬಿಚ್ಚಿಸ್ಲಿ. ಆಮೇಲೆ ಕುರ್ಚಿ ತಗಂಬಾ, ಇಟ್ಕಂತೀನಿ."

ಬ್ಲೇಡು ಜೇಬಿನಲ್ಲೇ ಉಳಿಯಿತು. ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹಗಲು ಹೊತ್ತಿನಲ್ಲಿ, ಜನ ನೋಡುವಾಗ, ನೀವೇ ನಿಂತು ಆ ಫ್ಲೆಕ್ಸ್ ಬಿಚ್ಚಿಸಿ. ಭಾಷಣ ಬೇಡ, ಫೋಟೋದವರು ಬೇಡ. ಕ್ಷಮೆ ಕೇಳುವ ಮನಸ್ಸಿದ್ದರೆ ಅವರ ಮನೆಯ ದಾರಿ ನಾನು ತೋರಿಸುತ್ತೇನೆ. ಇಲ್ಲವಾದರೆ ಫ್ಲೆಕ್ಸ್ ಇಳಿದ ಕೂಡಲೇ ನನಗೊಂದು ಮಿಸ್ಡ್ ಕಾಲ್ ಕೊಡಿಸಿ, ಸಾಕು. ಕುರ್ಚಿಯನ್ನು ಆಟೋದಿಂದ ಇನ್ನೂ ಇಳಿಸಿಲ್ಲ.

ಇಂತಿ,
ಅವತ್ತು ಅಜ್ಜ ಎದ್ದೇಳಲು ನೋಡಿದಾಗ, "ಫೋಟೋ ಆಗ್ಲಿ ಕೂತ್ಕಳಿ" ಎಂದು ಹೆಗಲು ಅದುಮಿದವನು,
ಓಂಕಾರೇಶ್, ಬೀರೂರು