ನಾಲ್ಕೂರಿಗೊಂದು ಗಾಡಿ

ಲೋಡೆನ್, ನೆಬ್ರಾಸ್ಕಾ
೨೦ ನವೆಂಬರ್ ೨೦೦೫, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಈಗ ಹೇಗಿದೆ? ಹೋದ ಪತ್ರದಲ್ಲಿ ನೀನು ಅದರ ವಿಷಯ ಒಂದೇ ಸಾಲು ಬರೆದು, ಶಾಲೆಯ ಮಕ್ಕಳು ಮೀನಿನ ಮುಳ್ಳು ಬಿಡಿಸುವುದನ್ನು ಒಂದಿಡೀ ಪುಟ ಬರೆದಿದ್ದೆ. ಅತ್ತೆ ಒಂದೇ ಸಾಲು ಬರೆದಿದ್ದಾರೆಂದರೆ ನೋವು ಜೋರಾಗಿಯೇ ಇದೆ ಎಂದು ನಿನ್ನ ಅಳಿಯ ಗೇಲನ್ ಹೇಳುತ್ತಾನೆ. ನಿಮ್ಮ ಮಿಷನ್ ಶಾಲೆಯಿರುವ ಆ ದ್ವೀಪಕ್ಕೆ ಡಾಕ್ಟರರ ದೋಣಿ ಬಂದಾಗ ನಾಚಿಕೊಳ್ಳದೆ ಹೋಗಿ ತೋರಿಸು. ನೂರು ಮಕ್ಕಳಿಗೆ ಅಡುಗೆ ಮಾಡುವವಳು ದಿನವಿಡೀ ನಿಂತೇ ಇರಬೇಕೆಂದು ಯಾವ ಮಿಷನ್ನಿನವರೂ ಬರೆದಿಟ್ಟಿಲ್ಲ, ಒಂದು ಎತ್ತರದ ಸ್ಟೂಲು ಹಾಕಿಸಿಕೋ. ಹಿಟ್ಟಿನಲ್ಲಿ ಹುಳು ಬಂದರೆ ಜರಡಿ ಹಿಡಿದು ಬಳಸುತ್ತೇನೆ ಎಂದಿದ್ದೀಯ, ಓದಿ ನಗು ಬಂತು. ಇಲ್ಲಿದ್ದಾಗ ಒಂದು ಹುಳು ಕಂಡರೆ ಚೀಲವನ್ನೇ ಕೋಳಿಗಳಿಗೆ ಸುರಿಯುತ್ತಿದ್ದವಳು ನೀನು.

ನಾವೆಲ್ಲ ಆರೋಗ್ಯ. ಮೆಕ್ಕೆಜೋಳದ ಕೊಯ್ಲು ಮುಗಿದಿದೆ, ಚಳಿ ಈ ಸಲ ಬೇಗನೇ ಬಂದಿದೆ. ಇನ್ನು ಸುದ್ದಿ. ಪಾದ್ರಿಯವರೂ ನಿನಗೆ ಬರೆಯುತ್ತಾರೆಂದು ಗೊತ್ತು, ಅವರು ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡಿ ಬರೆಯುತ್ತಾರೆ. ಆದ್ದರಿಂದ ನಡೆದದ್ದನ್ನು ನನ್ನಿಂದಲೇ ಕೇಳು.

ನ್ಯೂಯಾರ್ಕಿನಲ್ಲಿ ಗೋಪುರಗಳು ಬಿದ್ದ ಮೇಲೆ ಸರಕಾರ ಊರೂರಿಗೂ ಭದ್ರತೆಯ ಅನುದಾನ ಹಂಚುತ್ತಿರುವುದು ನಿನಗೆ ನೆನಪಿರಬೇಕು. ಲೋಡೆನ್‌ಗೆ ಭಯೋತ್ಪಾದಕ ಬಂದರೆ ಮೊದಲು ಕಾಫಿ ಕೊಟ್ಟು, ನೀನು ಯಾರ ಮಗನಪ್ಪಾ ಅಂತ ಕೇಳ್ತೀವಿ ಎಂದು ಗೇಲನ್ ತಮಾಷೆ ಮಾಡುತ್ತಿದ್ದನಲ್ಲ, ಅದೇ ಹಣ. ಹಿಂದೆ ಒಂದೊಂದು ಊರಿಗೂ ಬಿಡಿಬಿಡಿಯಾಗಿ ಕೊಟ್ಟರು. ನಾವು ಒಂದು ಬಗೆಯ ವೈರ್‌ಲೆಸ್ ತಂದೆವು, ಕಾರ್ವರ್‌ನವರು ಇನ್ನೊಂದು ಬಗೆಯದು ತಂದರು. ಅವರು ಮಾತಾಡಿದ್ದು ನಮಗೆ ಕೇಳುವುದಿಲ್ಲ, ನಾವು ಮಾತಾಡಿದ್ದು ಅವರಿಗೆ ಕೇಳುವುದಿಲ್ಲ. ಅದಕ್ಕೇ ಈ ಸಲ ರಾಜ್ಯದ ರಾಜಧಾನಿಯವರು ಹೊಸ ನಿಯಮ ಮಾಡಿದ್ದಾರೆ. ಅಕ್ಕಪಕ್ಕದ ಊರುಗಳು ಒಟ್ಟಾಗಿ ಕೇಳಬೇಕು, ಎಲ್ಲರಿಗೂ ಉಪಯೋಗವಾಗುವಂಥದ್ದನ್ನೇ ಕೊಳ್ಳಬೇಕು, ಎಲ್ಲರೂ ಒಂದೇ ಒಪ್ಪಂದಕ್ಕೆ ಸಹಿ ಹಾಕಬೇಕು. ನಮ್ಮದು ನಾಲ್ಕು ಊರುಗಳ ಗುಂಪು. ಒಂದು ಊರು ಹಿಂದೆ ಸರಿದರೂ ಹಣವೆಲ್ಲ ಬಂದ ದಾರಿಯಲ್ಲೇ ವಾಪಸ್ಸು.

ಮೊದಲ ಸಭೆ ಕಾರ್ವರ್‌ನಲ್ಲಿ, ಅವರ ಹೊಸ ಅಗ್ನಿಶಾಮಕ ಠಾಣೆಯಲ್ಲಿ ನಡೆಯಿತು. ಅಧ್ಯಕ್ಷತೆ ಯಾರದು, ಹೇಳು ನೋಡೋಣ. ನಿನ್ನ ಕಿರಿಯ ಮಗಳದು. ರೆನೇ ಈಗ ಕಾರ್ವರ್‌ನ ತುರ್ತು ಪರಿಸ್ಥಿತಿ ಅಧಿಕಾರಿ. ರಾಜಧಾನಿಗೆ ಹೋಗಿ ತರಬೇತಿ ಪಡೆದು ಬಂದಿದ್ದಾಳೆ, ಬೆನ್ನ ಮೇಲೆ ಹಳದಿ ಅಕ್ಷರಗಳಿರುವ ಕಡುನೀಲಿ ಜಾಕೆಟ್ಟು ಹಾಕುತ್ತಾಳೆ. ನಾನು ಲೋಡೆನ್ ಗ್ರಾಮ ಮಂಡಳಿಯ ಅಧ್ಯಕ್ಷೆಯಾಗಿ ಎಷ್ಟೋ ವರ್ಷವಾಯಿತು, ನನಗೆ ಒಂದು ಟೋಪಿಯನ್ನೂ ಯಾರೂ ಕೊಟ್ಟಿಲ್ಲ. ಅವಳು ಗೋಡೆಯ ಮೇಲೆ ನಕ್ಷೆ ಹರಡಿ, ಕೋಲು ಹಿಡಿದು, ರೈಲಿನಲ್ಲಿ ಅಮೋನಿಯಾ ಟ್ಯಾಂಕುಗಳು ಎಲ್ಲೆಲ್ಲಿ ಹಾದು ಹೋಗುತ್ತವೆ, ಯಾವ ರೈತನ ಗೊಬ್ಬರದ ಟ್ಯಾಂಕು ಯಾವ ತಿರುವಿನಲ್ಲಿದೆ ಎಲ್ಲವನ್ನೂ ತೋರಿಸಿದಳು. ಆ ವಿಷಾನಿಲ ಸೋರಿದರೆ ನಾಲ್ಕೂ ಊರಿಗೆ ಒಂದು ದೊಡ್ಡ ಟ್ರೇಲರ್ ಬೇಕು, ಅದರಲ್ಲಿ ರಕ್ಷಣಾ ಉಡುಪು, ಗಾಳಿಯ ಸಿಲಿಂಡರ್ ತುಂಬುವ ಯಂತ್ರ, ತೊಳೆದುಕೊಳ್ಳಲು ನೀರಿನ ಪಂಪು, ದೀಪಗಳು, ಜನರೇಟರ್ ಎಲ್ಲ ಇರಬೇಕು ಎಂದಳು. ನಾನು ತಲೆಯಾಡಿಸುತ್ತಲೇ ಇದ್ದೆ. ಆಮೇಲೆ ಅದನ್ನು ಎಲ್ಲಿ ನಿಲ್ಲಿಸುವುದು ಎಂಬ ಮಾತು ಬಂತು. ಕೋಲು ಕಾರ್ವರ್ ಮೇಲೆ ನಿಂತಿತು.

ಅಮ್ಮಾ, ನಿನಗಲ್ಲದೆ ಇನ್ಯಾರಿಗೂ ಬರೆಯಲಾರೆ. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ನಮ್ಮ ಶಾಲೆ ಮುಚ್ಚಿ ಮಕ್ಕಳನ್ನೆಲ್ಲ ಕಾರ್ವರ್‌ಗೆ ಸೇರಿಸಿದರು. ಬ್ಯಾಂಕು ಅಲ್ಲಿಗೆ ಹೋಯಿತು, ಅಂಚೆ ಕಚೇರಿ ಅರ್ಧ ದಿನಕ್ಕೆ ಇಳಿಯಿತು. ಊರಿನ ಮಾತು ಬಿಡು. ಅಪ್ಪ ಕೊಯ್ಲಿನ ಲಾರಿ ಓಡಿಸಲು ಮೊದಲು ಕಲಿಸಿದ್ದು ಅವಳಿಗೆ, ನಾನು ದೊಡ್ಡವಳಾಗಿದ್ದರೂ. ನಾನು ಮೂರು ಬೇಸಿಗೆ ಕಲಿತ ಪಿಯಾನೋವನ್ನು ಅವಳು ಒಂದೇ ಚಳಿಗಾಲದಲ್ಲಿ ಕಲಿತಳು, ನೀನು ನೆರೆಯವರನ್ನೆಲ್ಲ ಕರೆದು ಕೇಳಿಸಿದೆ. ನಲವತ್ತೇಳು ವರ್ಷದ ಹೆಂಗಸು ಇಂಥದ್ದನ್ನೆಲ್ಲ ನೆನೆಯಬಾರದು, ಗೊತ್ತು. ಆದರೆ ಆ ಕೋಲಿನ ತುದಿ ನೋಡುತ್ತಾ ನಾನು ಅದನ್ನೇ ನೆನೆಯುತ್ತಿದ್ದೆ. ಎದ್ದು ನಿಂತು, ನಾಲ್ಕು ಊರು ಅಂದ್ರೆ ನಾಲ್ಕು ಪಾಲು, ನಮ್ಮ ಪಾಲು ನಮಗೆ ಕೊಡಿ, ನಾವು ಏನು ತಗೋಬೇಕೋ ತಗೋತೀವಿ ಎಂದೆ. ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ಪಾಪ ಮೆತ್ತಗಿನ ಮನುಷ್ಯ, ನಾಲ್ಕು ಪಾಲು ಮಾಡಿದ್ರೆ ಯಾರಿಗೂ ಪೂರ್ತಿ ಒಂದು ಉಡುಪೂ ಬರಲ್ಲಮ್ಮ ಎಂದರು. ರೆನೇ ಮಾತ್ರ ಎಲ್ಲರೆದುರು, ಮಾರ್ಲಿಸ್, ನಿಮ್ಮೂರ ಅಗ್ನಿಶಾಮಕದವರ ತಗಡಿನ ಶೆಡ್ಡಲ್ಲಿ ಪಂಪು ಹೆಪ್ಪುಗಟ್ಟುತ್ತೆ ಕಣೇ, ನಮ್ಮಲ್ಲಿ ಹೀಟರ್ ಇದೆ, ಅಷ್ಟೇ ವಿಷಯ ಎಂದಳು. ಅವಳು ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಉರಿಯಿತು. ಉಳಿದ ಎರಡು ಊರಿನವರೂ ಕಾರ್ವರ್‌ನವರೂ ಅಲ್ಲೇ ಸಹಿ ಹಾಕಿದರು. ನಾನು ಪೆನ್ನು ಕೈಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ಲೋಡೆನ್‌ನಲ್ಲಿ ನನಗೆ ಸಿಕ್ಕ ಮರ್ಯಾದೆ ನೋಡಬೇಕಿತ್ತು. ಹೋಟೆಲಿನಲ್ಲಿ ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಶಾಲೆ ಹೋದಾಗ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಈಗ, ಬಿಡಬೇಡ ಮಾರ್ಲಿಸ್, ಎಲ್ಲಾನೂ ಅವರೇ ನುಂಗೋಕೆ ನಾವೇನು ಸತ್ತಿದ್ದೀವಾ ಎಂದರು. ಒಬ್ಬ ಆರ್ವಿಡ್ ಮಾತ್ರ ನನ್ನ ಬೆನ್ನು ತಟ್ಟಲಿಲ್ಲ. ಅವನೇ ನಮ್ಮ ಸ್ವಯಂಸೇವಕ ಅಗ್ನಿಶಾಮಕ ತಂಡದ ಮುಖ್ಯಸ್ಥ, ಅನಿಲ ಸೋರಿದರೆ ಮೊದಲು ಒಳಗೆ ಹೋಗಬೇಕಾದವನು. ಮನೆಗೇ ಬಂದು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. ನೀನು ರೆನೇ ಮೇಲಿನ ಸಿಟ್ಟನ್ನ ಊರಿನ ಸಿಟ್ಟು ಅಂತ ಮಾರ್ತಾ ಇದ್ದೀಯ, ನನ್ನ ಹುಡುಗರು ಒದ್ದೆ ಬಟ್ಟೆ ಮುಖಕ್ಕೆ ಕಟ್ಕೊಂಡು ಹೋಗಬೇಕಾ ಎಂದ. ನಾನು ಅವನಿಗೆ ರೂಬಾರ್ಬ್ ದಂಟಿನ ಸಿಹಿ ಪೈ ಕೊಟ್ಟೆ. ಅವನು ತಿನ್ನದೆ ಎದ್ದು ಹೋದ. ಆರ್ವಿಡ್ ಪೈ ಬಿಟ್ಟು ಹೋಗುವುದೆಂದರೇನು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ನಾನು ಸೋಲಲಿಲ್ಲ. ಶೆಡ್ಡು ತಣ್ಣಗಿರುವುದೇ ತೊಂದರೆಯಾದರೆ ಅದನ್ನು ಬೆಚ್ಚಗೆ ಮಾಡಿದರಾಯಿತು ಎಂದುಕೊಂಡೆ. ಗೇಲನ್‌ನನ್ನೂ ಹೋಟೆಲಿನ ವೀರರಲ್ಲಿ ಕೆಲವರನ್ನೂ ಎಳೆದುಕೊಂಡು ಹೋಗಿ ತಗಡಿಗೆಲ್ಲ ಒಳಗಿನಿಂದ ಚಳಿ ತಡೆಯುವ ಗಾಜುಹತ್ತಿಯ ಹಾಸು ಹೊಡೆಸಿದೆ, ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿದೆ, ನಮ್ಮ ಹಂದಿಕೊಟ್ಟಿಗೆಯ ಹೀಟರ್ ತಂದಿಟ್ಟೆ. ಅದರ ನಾರು ಚುಚ್ಚಿ ವಾರವಿಡೀ ಮೈ ತುರಿಸುತ್ತಿತ್ತು. ಗೇಲನ್ ಬೈಯಲಿಲ್ಲ, ನಮ್ಮ ಮನೆ ಅಟ್ಟಕ್ಕೆ ಇಷ್ಟು ಮಾಡಿದ್ದಿದ್ರೆ ಹತ್ತು ವರ್ಷದಿಂದ ಬೆಚ್ಚಗೆ ಮಲಗ್ತಿದ್ವಿ ಎಂದ, ಅಷ್ಟೇ. ಕೊನೆಗೆ ಪರೀಕ್ಷೆಗೆಂದು ಶೆಡ್ಡಿನ ನಡುವೆ ಒಂದು ಬಕೆಟ್ ನೀರು ಇಟ್ಟು ಬೀಗ ಹಾಕಿದೆ. ನೀರು ನೀರಾಗಿಯೇ ಇದ್ದರೆ ಆ ಬಕೆಟ್ಟನ್ನೇ ಹೊತ್ತುಕೊಂಡು ಹೋಗಿ ಸಭೆಯ ಮೇಜಿನ ಮೇಲೆ ಇಡುವುದೆಂದು ಮನಸ್ಸಿನಲ್ಲೇ ಎಷ್ಟು ಸಲ ಇಟ್ಟೆನೋ.

ಬೆಳಿಗ್ಗೆ ಹೋಗಿ ನೋಡಿದರೆ ಹೀಟರ್ ಕೆಟ್ಟು ನಿಂತಿತ್ತು, ಬಕೆಟ್ಟಿನಲ್ಲಿ ಮಂಜುಗಡ್ಡೆ. ನಾನು ಅದನ್ನು ಕಾಲಿನಿಂದ ಒದೆಯುತ್ತಿರುವಾಗಲೇ ಹಿಂದೆ ಗಾಡಿ ನಿಂತ ಸದ್ದಾಯಿತು. ರೆನೇ. ಆರ್ವಿಡ್ ಕರೆಸಿದ್ದನೋ, ಅವಳೇ ಬಂದಳೋ, ನಾನು ಕೇಳಲಿಲ್ಲ. ಬಕೆಟ್ ನೋಡಿದಳು, ಗೋಡೆಯ ಹಾಸು ನೋಡಿದಳು. ನಗುತ್ತಾಳೆ ಎಂದು ಕಾದೆ. ನಗಲಿಲ್ಲ. ಇಷ್ಟೆಲ್ಲ ಮಾಡಿಸಿದೆಯಾ, ಕಾಫಿ ಇದ್ದರೆ ಕೊಡು ಎಂದಳು. ನಕ್ಕಿದ್ದರೆ ಕಳಿಸಿಬಿಡುತ್ತಿದ್ದೆ.

ನಮ್ಮ ಅಡುಗೆಮನೆಗೆ ಅವಳು ಬಂದು ತಿಂಗಳುಗಳೇ ಆಗಿದ್ದವು. ನೆನ್ನೆಯ ಕೋಸು ತುಂಬಿದ ಬನ್ನು ಬಿಸಿ ಮಾಡಿ ಕೊಟ್ಟೆ. ಟ್ರೇಲರ್ ವಿಷಯ ತೆಗೆಯುತ್ತಾಳೆಂದು ನಾನು ಮಾತುಗಳನ್ನೆಲ್ಲ ಜೋಡಿಸಿಕೊಂಡು ನಿಂತಿದ್ದೆ. ಅವಳ ಕಣ್ಣು ಮಾತ್ರ ಫ್ರಿಜ್ಜಿನ ಬಾಗಿಲ ಮೇಲಿತ್ತು. ಅಲ್ಲಿ ನಿನ್ನ ಪತ್ರ, ಪಕ್ಕದಲ್ಲಿ ನೀನು ಕಳಿಸಿದ ಫೋಟೋ, ದೊಡ್ಡ ಪಾತ್ರೆಯಲ್ಲಿ ಸೌಟು ಹಿಡಿದು ನಿಂತಿದ್ದೀಯಲ್ಲ, ಅದು. ಅಮ್ಮ ಯಾಕೆ ಒಂದು ಕಡೆ ವಾಲಿಕೊಂಡು ನಿಂತಿದ್ದಾಳೆ ಎಂದು ಕೇಳಿದಳು. ಮಂಡಿನೋವು ಎಂದೆ. ಯಾವಾಗಿಂದ ಎಂದಳು. ಆಗಸ್ಟಿನಿಂದ ಎಂದೆ. ಅವಳು ಬನ್ನನ್ನು ತಟ್ಟೆಗೆ ಇಟ್ಟುಬಿಟ್ಟಳು.

ನಾಲ್ಕೂ ಊರಿನಲ್ಲಿ ಯಾವ ಟ್ಯಾಂಕಿನ ಕವಾಟ ಯಾವ ಕಡೆಗೆ ತಿರುಗುತ್ತದೆ ಎಂದು ಬಲ್ಲವಳಿಗೆ ತನ್ನ ತಾಯಿಯ ಮಂಡಿನೋವು ಗೊತ್ತಿರಲಿಲ್ಲ. ನಿಂಗೆ ಅಮ್ಮನಿಂದ ಎಷ್ಟು ಪತ್ರ ಬಂತು ಎಂದಳು. ಎಣಿಸಿಲ್ಲ ಎಂದೆ. ಅವಳು, ಎಣಿಸಲಾರದಷ್ಟು ಬಂದಿದೆಯಾ, ನಂಗೆ ಒಂದು ಕಾರ್ಡೂ ಬಂದಿಲ್ಲ, ಆ ಟ್ರೇಲರ್ ನಿಂಗೇ ಬೇಕಿದ್ರೆ ತಗೊಂಡ್ಹೋಗಿ ನಿನ್ನ ಕೊಟ್ಟಿಗೇಲಿ ಕಟ್ಟಿಕೋ ಮಾರಾಯ್ತಿ, ಸಣ್ಣವಳಿದ್ದಾಗಿಂದ ನೀನು ಅಮ್ಮನ ಪಕ್ಕದಲ್ಲಿ ಪಾತ್ರೆ ಒರೆಸ್ತಾ ನಿಂತಿರ್ತಿದ್ದೆ, ನೀವಿಬ್ರೂ ಏನೋ ಮಾತಾಡ್ತಿದ್ರಿ, ನಾನು ಬಂದ ಕೂಡ್ಲೆ ಹೋಗಿ ಪಿಯಾನೋ ಬಾರಿಸು ಅಂತಿದ್ರಿ ಎಂದಳು.

ಮುಚ್ಚಿಟ್ಟು ಏನಾಗಬೇಕು ಅಮ್ಮಾ, ಮೊದಲು ನನಗೆ ಖುಷಿಯಾಯಿತು. ಜಾಕೆಟ್ಟು, ನಕ್ಷೆ, ಹೀಟರ್ ಇರುವ ಠಾಣೆ ಎಲ್ಲ ಅವಳಿಗಿದ್ದರೂ ಅವಳಿಗೆ ಹೊಟ್ಟೆಕಿಚ್ಚು ಬರುವಂಥದ್ದು ನನ್ನ ಫ್ರಿಜ್ಜಿನ ಮೇಲಿದೆ ಎಂದು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗು ಒಂದು ಲೋಟ ಕಾಫಿ ಮುಗಿಯುವವರೆಗೂ ಇತ್ತು. ಓದಿ ಹೇಳಲೇ ಎಂದೆ. ಬೇಡ, ನಂಗೆ ಬರೆದದ್ದಲ್ಲ ಎಂದಳು. ಎದ್ದು ಹೋಗುವಾಗ ಫ್ರಿಜ್ಜಿನ ಹತ್ತಿರ ನಿಂತು, ಲಕೋಟೆಯ ಮೇಲಿನ ನಿನ್ನ ಕೈಬರಹವನ್ನು, ನನ್ನ ಹೆಸರನ್ನು, ಬೆರಳಿನಿಂದ ಒಮ್ಮೆ ಸವರಿದಳು. ನಾನು ನೋಡಲಿಲ್ಲ ಎಂದುಕೊಂಡಿದ್ದಾಳೆ. ಆಗ ನನ್ನ ಹಿಗ್ಗು ಎಲ್ಲಿ ಹೋಯಿತೋ.

ಬುಧವಾರದ ಸಭೆಯಲ್ಲಿ ಸಹಿ ಹಾಕಿದೆ. ಸುಮ್ಮನೆ ಹಾಕಲಿಲ್ಲ. ಟ್ರೇಲರ್ ಕಾರ್ವರ್‌ನಲ್ಲೇ ನಿಲ್ಲಲಿ, ಆದರೆ ಒಂದು ಕೀಲಿ ಆರ್ವಿಡ್‌ನ ಹತ್ತಿರ ಇರಬೇಕು, ಯಾರ ಅಪ್ಪಣೆಗೂ ಕಾಯದೆ ತೆಗೆದುಕೊಂಡು ಬರುವ ಹಾಗಿರಬೇಕು, ನಾಲ್ಕೂ ಊರಿನ ಹುಡುಗರಿಗೂ ಒಟ್ಟಿಗೆ ತರಬೇತಿ ಆಗಬೇಕು, ನಾಲ್ಕೂ ಊರಿನ ಹೆಸರು ಬದಿಯಲ್ಲಿ ಬರೆಸಬೇಕು ಎಂದೆ. ಯಾವ ಹೆಸರು ಮೊದಲು ಎಂಬುದಕ್ಕೆ ಮತ್ತೆ ಜಗಳ ಶುರುವಾಗುತ್ತಿತ್ತು. ರೆನೇ ನಕ್ಷೆಯಿಂದ ಕಣ್ಣು ತೆಗೆಯದೆ, ಲೋಡೆನ್ ಮೊದ್ಲು ಹಾಕಿ, ಮುಂದಕ್ಕೆ ನಡೀರಿ ಎಂದಳು. ಆರ್ವಿಡ್ ಮೇಜಿನ ಆಚೆಯಿಂದ ನನಗೆ ತಲೆಬಾಗಿಸಿದ. ಮರುದಿನ ಹೋಟೆಲಿನಲ್ಲಿ ನನ್ನ ಕಾಫಿಗೆ ದುಡ್ಡು ತೆಗೆದುಕೊಂಡರು. ಶುಕ್ರವಾರ ಪತ್ರಿಕೆಯಲ್ಲಿ ರೆನೇಯ ಫೋಟೋ ಬಂತು, ಅದೇ ಜಾಕೆಟ್ಟಿನಲ್ಲಿ. ಲೋಡೆನ್ ಹೆಸರಿಗೆ ಮೊದಲ ಜಾಗ ಬಿಟ್ಟುಕೊಟ್ಟದ್ದು ಅವಳ ದೊಡ್ಡ ಮನಸ್ಸಂತೆ. ಟ್ರೇಲರನ್ನು ಬಿಟ್ಟುಕೊಟ್ಟವಳ ಮನಸ್ಸು ಎಷ್ಟು ದೊಡ್ಡದೆಂದು ಯಾರೂ ಬರೆಯಲಿಲ್ಲ. ಗೇಲನ್ ಆ ಪತ್ರಿಕೆಯನ್ನು ನನಗೆ ಕಾಣದ ಹಾಗೆ ಒಲೆಗೆ ಹಾಕಿದ, ನಾನು ಅಷ್ಟರಲ್ಲಿ ಎರಡು ಸಲ ಓದಿದ್ದೆ.

ಬರುವ ಗುರುವಾರ ಕೃತಜ್ಞತಾ ಹಬ್ಬದ ಊಟಕ್ಕೆ ರೆನೇ ಮನೆಯವರನ್ನು ಕರೆದಿದ್ದೇನೆ. ಟರ್ಕಿ ಕೋಳಿ ನಾನು ಬೇಯಿಸುತ್ತೇನೆ, ಅವಳು ಪೈ ತರುತ್ತಾಳೆ. ಅವಳ ಪೈ ನನ್ನದಕ್ಕಿಂತ ಚೆನ್ನಾಗಿರುತ್ತದೆಂದು ನೀನೇ ಹೇಳುತ್ತಿದ್ದೆ, ಈ ಸಲವೂ ಹಾಗೇ ಆದರೆ ನಾನು ಬಾಯಿ ಬಿಡುವುದಿಲ್ಲ. ಗೇಲನ್ ನಿನ್ನನ್ನು ಕೇಳಿದ ಎಂದು ಬರೆ ಎಂದ, ಬರೆದಿದ್ದೇನೆ. ಅಲ್ಲಿಯ ಮಕ್ಕಳಿಗೆಲ್ಲ ನನ್ನ ಪ್ರೀತಿ ಹೇಳು. ದೇವರು ನಿನ್ನನ್ನೂ ನಿನ್ನ ಮಂಡಿಯನ್ನೂ ಕಾಯಲಿ.

ನಿನ್ನ ದೊಡ್ಡ ಮಗಳು,
ಮಾರ್ಲಿಸ್

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದಿಷ್ಟು ಬರೆಯಲೇಬೇಕು. ನೀನು ಹೊರಟಾಗ, ಮೊಮ್ಮಕ್ಕಳನ್ನ ಬಿಟ್ಟು ಯಾರ ಮಕ್ಕಳಿಗೋ ಬೇಯಿಸಿ ಹಾಕೋಕೆ ಹೋಗ್ತೀಯಾ ಎಂದು ರೆನೇ ಎಲ್ಲರೆದುರು ಅಂದದ್ದು, ವಿಮಾನ ನಿಲ್ದಾಣಕ್ಕೂ ಬರದೇ ಹೋದದ್ದು ನನಗೂ ನೆನಪಿದೆ. ಮೊದಲು ಅವಳೇ ಬರೆಯಲಿ ಎಂದು ನೀನು ಕಾಯುತ್ತಿದ್ದೀಯ. ಅವಳು ಬರೆಯುವುದಿಲ್ಲ ಅಮ್ಮಾ, ಆ ಹಟ ಅವಳಿಗೆ ಬಂದದ್ದು ನಿನ್ನಿಂದಲೇ. ನೀನೇ ಒಂದು ಬರೆ. ನನಗೆ ಬರೆಯುವ ಪತ್ರದ ಕೊನೆಯಲ್ಲಿ ತಂಗಿಗೂ ಹೇಳು ಎನ್ನುವುದು ಬೇಡ. ಬೇರೆ ಲಕೋಟೆ, ಅದರ ಮೇಲೆ ಅವಳ ಹೆಸರು. ನಾನು ಹೇಳಿದೆನೆಂದು ಬರೆಯಬೇಡ. ಮಂಡಿಯ ವಿಷಯ ಅವಳಿಗೆ ಎರಡು ಸಾಲು ಬೇಕಾದರೂ ಬರೆ. ಆದರೆ ಪತ್ರ ಒಟ್ಟಿನಲ್ಲಿ ನನಗೆ ಬರೆಯುವುದಕ್ಕಿಂತ ಅರ್ಧ ಪುಟವಾದರೂ ಚಿಕ್ಕದಿರಲಿ, ಅವಳು ಖಂಡಿತ ತಂದು ತೋರಿಸುತ್ತಾಳೆ.