ಪೇಟಿ ಮಾಸ್ತರನ ಕಿವಿ

ಶಹಾಪುರ
6 ಮೇ 2025, ಮಂಗಳವಾರ

ಪ್ರೀತಿಯ ದೇವಕ್ಕಾ,

ಕರ್ತನ ಹೆಸರಿನಲ್ಲಿ ನಿನ್ನ ತಮ್ಮನ ವಂದನೆಗಳು. ಮೊಣಕಾಲಿನ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಶೀಸೆಯನ್ನು ಕಿಟಕಿಯಲ್ಲಿಟ್ಟು ನೋಡುತ್ತ ಕೂತಿದ್ದೀಯೋ? ಕಡೇಚೂರಿನ ಬಿಸಿಲಿನಲ್ಲಿ ಕೊಡ ಹೊತ್ತು ತಿರುಗಬೇಡ. ಮಗ ಭೀಮರಾಯ ಫ್ಯಾಕ್ಟರಿಗೆ ಹೋದರೂ ಸೊಸೆ ಮನೆಯಲ್ಲೇ ಇರುತ್ತಾಳಲ್ಲ. ನಾನು ಫೋನ್ ಎತ್ತುವುದಿಲ್ಲವೆಂದು ನಿನಗೆ ಸಿಟ್ಟು ಬಂದಿದೆ ಅಂತ ನಮ್ಮ ಮನೆಯವಳು ಹೇಳಿದಳು. ಎತ್ತಿದರೂ ನಿನ್ನ ಮಾತು ನನಗೆ ತಿಳಿಯುವುದಿಲ್ಲ ಅಕ್ಕ. ಗುಂಯ್ ಎನ್ನುವ ಸದ್ದಿನೊಳಗೆ ಅರ್ಧಂಬರ್ಧ ಮಾತು ಬರುತ್ತದೆ. ಅದಕ್ಕೇ ಈ ಕಾಗದ.

ಸುರಪುರದ ಚರ್ಚಿನಲ್ಲಿ ಅಪ್ಪ ಕಸ ಗುಡಿಸಿ ಗಂಟೆ ಹೊಡೆಯುತ್ತಿದ್ದಾಗ, ನೀನು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾರ್ಮೋನಿಯಂ ಪೇಟಿಯ ಮೇಲೆ ಬೆರಳಿಡಿಸಿದ್ದು ನೆನಪಿದೆಯೇ? "ಅಮಾತೆಪ್ಪ, ಮೊದಲ ಕೇಳು, ಆಮ್ಯಾಲ ಬಾರಿಸು" ಅನ್ನುತ್ತಿದ್ದೆ. ಆ ವಿದ್ಯೆಯೇ ನನಗೆ ಅನ್ನವಾಯಿತು, ಹೆಸರಾಯಿತು. ಗೋಗಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಗ್ಗಿಯನ್ನೂ ಕಾಗುಣಿತವನ್ನೂ ರಾಗ ಹಚ್ಚಿಯೇ ಕಲಿಸಿದೆ. ಮನೆಯಲ್ಲಿ ಉರ್ದು ಆಡುವ ಮಕ್ಕಳೂ ಹಾಡಿ ಹಾಡಿಯೇ ಕನ್ನಡ ಕಲಿತರು. ಅವರಲ್ಲೊಬ್ಬ, ಟಂಟಂ ಆಟೋ ಓಡಿಸುವ ತೌಹೀದ ಈಗಲೂ ನನ್ನನ್ನು ಕಂಡರೆ ಹದಿನೇಳರ ಮಗ್ಗಿ ಹಾಡಿಯೇ ಹತ್ತಿಸಿಕೊಳ್ಳುತ್ತಾನೆ. ಭಾನುವಾರ ಶಹಾಪುರದ ಚರ್ಚು. ಮದುವೆಗೂ ಮಣ್ಣಿಗೂ ನನ್ನದೇ ಪೇಟಿ. ಜನ 'ಪೇಟಿ ಮಾಸ್ತರ' ಅಂದರು. ಯಾರ ಸ್ವರ ಕೂದಲೆಳೆಯಷ್ಟು ಜಾರಿದರೂ ನನಗೆ ಗೊತ್ತಾಗುತ್ತದೆಂಬ ಸೊಕ್ಕು ನನಗಿತ್ತು. ದೇವರ ಸೇವೆ ಎಂದು ಹೇಳಿಕೊಂಡು ಆ ಸೊಕ್ಕನ್ನೇ ಸಾಕಿದೆ.

ಈಸ್ಟರ್ ದಿನ ಒಂದು ಕೆಟ್ಟ ಕೆಲಸ ಮಾಡಿದ್ದೇನೆ. ನನ್ನ ಕಿವಿ ಹೋಗಿರುವುದು ಅದಾದ ಮೇಲೆ ತಿಳಿಯಿತು ಎಂದು ಇಲ್ಲಿ ಬರೆದಿದ್ದೆ. ಮೇಲೆ ಮಸಿ ಬಳಿದಿರುವುದು ಆ ಸಾಲು. ಅದು ಸುಳ್ಳು. ನನಗೆ ಜನವರಿಯಲ್ಲೇ ಗೊತ್ತಿತ್ತು. ಮನೆಯಲ್ಲೂ ಹೇಳದೆ ಯಾದಗಿರಿಗೆ ಹೋಗಿ ಕಿವಿ ತೋರಿಸಿಕೊಂಡು ಬಂದೆ. ಸಪ್ಪಳ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು ಎಂದಿದ್ದರು. ಕೊನೆಗೆ ಡಾಕ್ಟರಮ್ಮ ಹತ್ತಿರ ಬಂದು ಜೋರಾಗಿ, "ಮಾಸ್ತರ, ನಾ ಇಪ್ಪತ್ತು ಸಲ ಸಪ್ಪಳ ಮಾಡೀನ್ರಿ, ನೀವು ಆರು ಸಲ ಒತ್ತೀರಿ" ಅಂದರು. ಕೇಳಿಸುವ ಸ್ವರವೂ ಇನ್ನು ಸರಿಯಾಗಿ ಕೇಳಿಸಲಿಕ್ಕಿಲ್ಲ, ಮಷೀನು ಹಾಕಿಕೊಂಡರೆ ಮಾತಿಗೆ ಅನುಕೂಲ, ಸಂಗೀತಕ್ಕೆ ಅಷ್ಟಕ್ಕಷ್ಟೇ ಎಂದರು. ಅವರು ಬರೆದುಕೊಟ್ಟ ಚೀಟಿಯನ್ನು ಟ್ರಂಕಿನ ತಳದಲ್ಲಿ ಹಾಕಿ, ಮರುದಿನ ಭಾನುವಾರ ಎಂದಿನಂತೆ ಪೇಟಿಯ ಮುಂದೆ ಕೂತೆ.

ಈಸ್ಟರ್‌ಗೆ ಚರ್ಚು ತುಂಬಿತ್ತು, ಸುರಪುರದಿಂದಲೂ ಜನ ಬಂದಿದ್ದರು. ಹಾಡು ಎತ್ತುವವಳು ಗೋಗಿಯ ರೇಣಮ್ಮ. ಕೂಲಿ ಮಾಡುವವಳು, ಓದು ಬರಹ ಬಾರದು. ನೂರಾರು ಕೀರ್ತನೆಗಳನ್ನು ಕಿವಿಯಿಂದಲೇ ಕಲಿತವಳು. ಮೂರನೆಯ ಚರಣಕ್ಕೆ ಪೇಟಿ ಒಂದು ಕಡೆ, ಅವಳ ದನಿ ಒಂದು ಕಡೆ ಆಯಿತು. ಪಾದ್ರಿ ಅಯ್ಯನವರು ನನ್ನ ಕಡೆ ತಿರುಗಿದರು, ಮುಂದಿನ ಬೆಂಚಿನವರೂ ತಿರುಗಿದರು. ತಪ್ಪಿದ್ದು ನಾನೇ ಎಂದು ಆ ಕ್ಷಣಕ್ಕೇ ಹೊಳೆಯಿತು ಅಕ್ಕ. ಹೊಳೆದ ಮೇಲೆಯೇ ಪೇಟಿ ನಿಲ್ಲಿಸಿ ಬೆರಳು ತೋರಿಸಿದೆ: "ರೇಣಮ್ಮ, ಸುರ ತಪ್ಪಾಕತ್ತೀದಿ. ಕುಂದ್ರು. ನಿನ್ನ ಧ್ವನಿ ಮುಗೀತು." ಅವಳು ನನ್ನನ್ನೇ ಒಂದು ಗಳಿಗೆ ನೋಡಿ, ಸೆರಗು ಎಳೆದುಕೊಂಡು ಕೂತಳು. ಆರಾಧನೆ ಮುಗಿದ ಮೇಲೆ ಸುರಪುರದವರೊಬ್ಬರು ಬೆನ್ನು ತಟ್ಟಿ, "ಮಾಸ್ತರ ಕಿವಿ ಅಂದ್ರ ಕಿವಿ ನೋಡ್ರಿ" ಅಂದರು. ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಎರಡು ಭಾನುವಾರ ಅವಳು ಬರಲಿಲ್ಲ. ಮೊನ್ನೆ ಆರಾಧನೆ ಮುಗಿಸಿ ತೌಹೀದನ ಟಂಟಂ ಹತ್ತಿ ಗೋಗಿಗೆ ಹೋದೆ. ರೇಣಮ್ಮ ಅಂಗಳದಲ್ಲಿ ಕೋಳಿಗಳ ನಡುವೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಚಾಪೆ ಹಾಸಿ ಕೂರಿಸಿದಳು. ಯಾದಗಿರಿಯ ಚೀಟಿಯ ಸಂಗತಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮೊರದಿಂದ ಕಣ್ಣೆತ್ತದೆ ಅವಳು, ನನಗೆ ಕೇಳಿಸಲೆಂದೇ ದನಿ ಎತ್ತರಿಸಿ, "ಗೊತ್ತದರಿ ಮಾಸ್ತರ. ಎರಡು ವರ್ಷ ಆತು, ನೀವು ತಪ್ಪಿದಾಗೆಲ್ಲ ನಾನೇ ನಿಮ್ಮ ಪೇಟಿ ಹಿಂದ ಬಂದು ತಪ್ಪು ಹಾಡ್ತಿದ್ದೆ, ಮಂದಿಗಿ ತಿಳೀಬಾರದಂತ. ಅವತ್ತ ಹಬ್ಬ ಇತ್ರಿ. ಅವತ್ತೊಂದಿನ ಸರಿ ಹಾಡ್ಬೇಕು ಅನಿಸ್ತು" ಅಂದಳು. ಕೈ ಮುಗಿದು, ತಪ್ಪಾಯಿತು ಎಂದೆ. ಆಗ ಮೊರ ಕೆಳಗಿಟ್ಟಳು. "ಇಲ್ಲಿ ಕೋಳಿ ಮುಂದ ಹೇಳಿದ್ರ ಏನು ಬಂತ್ರಿ? ನನಗ ಅಂದಿದ್ದು ಚರ್ಚ್ ತುಂಬ ಮಂದಿ ಎದುರಿಗಿ." ಅಷ್ಟು ಅಂದು ಒಳಗೆ ಹೋಗಿ ಚಹಾ ಮಾಡಿ ತಂದಳು. ಕುಡಿದು ಎದ್ದು ಬಂದೆ.

ಬರುವ ಹದಿನೆಂಟರ ಭಾನುವಾರ ನನ್ನ ನಲವತ್ತು ವರ್ಷದ ಸೇವೆಗೆ ಶಾಲು ಹೊದಿಸಬೇಕೆಂದು ಸಭೆಯವರು ಗೊತ್ತು ಮಾಡಿದ್ದರು. ನಿನ್ನೆ ಹೋಗಿ, ಶಾಲು ಬೇಡ, ಆ ಹೊತ್ತಿನಲ್ಲಿ ಐದು ನಿಮಿಷ ಮಾತಾಡಲು ಬಿಡಿ ಎಂದು ಅಯ್ಯನವರನ್ನು ಕೇಳಿಕೊಂಡೆ. ಯಾಕೆ ಎಂದರು. ಅವತ್ತೇ ಹೇಳುತ್ತೇನೆ ಎಂದೆ. ನೀನು ಕಲಿಸಿದ ವಿದ್ಯೆಗೆ ಇಂಥ ಮಾನ ತಂದೆ ಅಕ್ಕ. ಮನೆಯವಳಿಗೂ ನಿನ್ನೆಯೇ ಹೇಳಿದ್ದು. ಅವಳು ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಭೀಮರಾಯನಿಗೂ ಸೊಸೆಗೂ ನನ್ನ ನೆನಪು ಹೇಳು. ದೇವರು ನಿನ್ನ ಕಾಲಿಗೆ ಬಲ ಕೊಡಲಿ.

ತಲೆ ತಗ್ಗಿಸಿ ಬರೆದ ನಿನ್ನ ತಮ್ಮ,
ಅಮಾತೆಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಹದಿನೆಂಟಕ್ಕೆ ಭೀಮರಾಯನನ್ನು ಕರೆದುಕೊಂಡು ನೀನು ಬರಲೇಬೇಕು. ಇವತ್ತು ಬೆಳಿಗ್ಗೆ ಕೋಣೆಯಲ್ಲಿ ನಿಂತು ಹೇಳಬೇಕಾದ ಮಾತನ್ನು ಕೂಗಿ ಹೇಳಿ ನೋಡಿದೆ. ಮನೆಯವಳು ಬಂದು, ಏನು ಗುಣುಗುಟ್ಟುತ್ತಿದ್ದೀರಿ ಎಂದು ಕೇಳಿದಳು. ನನ್ನ ದನಿ ಎಷ್ಟು ದೂರ ಹೋಗುತ್ತದೆಂದು ನನಗೀಗ ತಿಳಿಯುವುದಿಲ್ಲ. ಅವತ್ತು ಬಾ ಎಂದು ಹೇಳಿಕಳಿಸಿದ್ದಕ್ಕೆ ರೇಣಮ್ಮ ಬರುತ್ತಾಳಂತೆ, ಆದರೆ ಬಾಗಿಲ ಹತ್ತಿರ ಕೊನೆಯ ಬೆಂಚಿನಲ್ಲಿ ಕೂರುತ್ತೇನೆಂದು ತೌಹೀದನ ಕೈಲಿ ಹೇಳಿಕಳಿಸಿದ್ದಾಳೆ. ನೀನು ಅವಳ ಪಕ್ಕದಲ್ಲಿ ಕೂತಿರು. ಕೇಳಿಸದಿದ್ದರೆ ಕೈ ಎತ್ತು. ಮತ್ತೆ ಮೊದಲಿನಿಂದ ಹೇಳುತ್ತೇನೆ.